ಟಿಕೆಟ್ ಅಗ್ಗ, ದಾರಿ ದುಬಾರಿ

ಇವತ್ತು ತೊಗರಿ ಧಾರಣಿ ಇಲ್ಲ, ಬೀಜ-ಗೊಬ್ಬರದ ಮಾತೂ ಇಲ್ಲ. ಮನೆಖರ್ಚಿನೊಳಗೆ ಸದ್ದಿಲ್ಲದೆ ಸೇರಿಕೊಂಡ ಒಂದು ಬಾಬತ್ತಿನ ಮಾತು: ಫುಟ್ಬಾಲ್ ಹುಚ್ಚು. ನಮ್ಮದು ಸೈಕಲ್ಲು, ಕುಸ್ತಿ, ಕಬಡ್ಡಿಯ ಸೀಮೆ, ಫುಟ್ಬಾಲ್ ಎಲ್ಲಿಯದು ಅನ್ನುವ ಹಿರಿಯರು, ಸರಿರಾತ್ರಿಯಲ್ಲಿ ಮಗನ ಕೈಯಾಗಿನ ಮೊಬೈಲು ಒಮ್ಮೆ ಇಣುಕಿ ನೋಡಲಿ. ಒಬ್ಬನದು ಇಂಗ್ಲೆಂಡಿನ ಲಿವರ್‌ಪೂಲ್, ಇನ್ನೊಬ್ಬನದು ನಮ್ಮ ಬೆಂಗಳೂರು ಎಫ್‌ಸಿ.

ಬೆಂಗಳೂರು ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಗೆದ್ದಿತು, ಆಟಗಾರ ಸುನಿಲ್ ಛೆಟ್ರಿಯನ್ನು ಮನೆಮಾತಾಗಿಸಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವವರ ನಡುವೆ ತಾನೂ ಒಮ್ಮೆ ನಿಲ್ಲಬೇಕು ಅಂತ ಹುಡುಗನಿಗೆ ಆಸೆ. ತಪ್ಪೇನಿಲ್ಲ, ಹೋಗಿ ಬರಲಿ. ಆದರೆ ಲೆಕ್ಕ ಮೊದಲು.

ಬೆಂಗಳೂರಿನವನಿಗೆ ಟಿಕೆಟ್ಟೇ ಖರ್ಚು. ನಮ್ಮ ಸಿಂದಗಿ ಕಡೆಯ ಕನ್ನೊಳ್ಳಿಯವನಿಗೆ ಟಿಕೆಟ್ ಬರೀ ಉಪ್ಪಿನಕಾಯಿ, ಊಟವೆಲ್ಲ ದಾರಿಯದು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇಕಡಾ 15 ಏರಿದೆ. ರೈಲಿನದು ಅಷ್ಟಿಲ್ಲ: ಎಕ್ಸ್‌ಪ್ರೆಸ್ ಗಾಡಿಗಳ ಎಸಿ ಇಲ್ಲದ ಬೋಗಿಗಳಿಗೆ 2025ರ ಜುಲೈನಲ್ಲಿ ಕಿಲೋಮೀಟರಿಗೆ 1 ಪೈಸೆ, ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ 2 ಪೈಸೆ ಏರಿದೆ. ವಿಜಯಪುರದಿಂದ ಹುಬ್ಬಳ್ಳಿ ಸುತ್ತಿ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್ ಅಂತ ಹಿಡಿದರೂ ಹೆಚ್ಚಾದದ್ದು 20 ರೂಪಾಯಿ ಆಸುಪಾಸು. ಹಾಗಾಗಿ ಸಿಂದಗಿ ಕಡೆಯವರು ವಿಜಯಪುರದವರೆಗೆ ಬಸ್ಸು, ಅಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯುವುದು ಮೇಲು. ಆದರೆ ಪಂದ್ಯ ಶುರುವಾಗುವುದು ಹೆಚ್ಚಾಗಿ ಸಂಜೆ ಏಳರ ಮೇಲೆ. ತಿರುಗಿ ಬರುವ ಗಾಡಿಯ ವೇಳೆಯನ್ನೂ ಪಂದ್ಯದ ವೇಳೆಯನ್ನೂ ಜೊತೆಗಿಟ್ಟು ನೋಡಿಕೊಳ್ಳಿ. ಇಲ್ಲವಾದರೆ ಒಂದು ರಾತ್ರಿಯ ಲಾಡ್ಜು ನಿಮ್ಮ ತಲೆಮೇಲೆ ಬಂತು.

ವೇಳಾಪಟ್ಟಿ ಕೈಗೆ ಬರುವ ಮುಂಚೆ ಏನನ್ನೂ ಬುಕ್ ಮಾಡಬೇಡಿ. ಫುಟ್ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಅಂತ ತಿಳಿಯದೆ ಆ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಶುರುವಾಗಬೇಕಿದ್ದ ಐಎಸ್‌ಎಲ್ ನಿಂತುಹೋಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ಆಟಗಾರನಿಗೇ ಪಗಾರ ಖಾತ್ರಿ ಇಲ್ಲದ ಕಾಲದಲ್ಲಿ ಅಭಿಮಾನಿ ಮುಂಗಡ ಕಟ್ಟಿ ಕೂರುವುದು ಶಾಣ್ಯಾತನವಲ್ಲ.

ಊರಲ್ಲೇ ಕೂತು ನೋಡುವವರೇ ಹೆಚ್ಚು. ಅವರ ಖರ್ಚು ರೀಚಾರ್ಜ್. 2024ರ ಜುಲೈನಲ್ಲಿ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ ಪ್ಲ್ಯಾನ್ 239ರಿಂದ 299 ರೂಪಾಯಿಗೆ ಏರಿತು. ಏರ್‌ಟೆಲ್, ವಿಐ ಕೂಡ ಹಿಂದೆ ಬೀಳಲಿಲ್ಲ. ತಿಂಗಳಿಗೊಂದು ಅಂತ ನೀವು ಅಂದುಕೊಳ್ಳುತ್ತೀರಿ, ಅದು 28 ದಿನದ್ದು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಆ ಒಂದು ಏರಿಕೆಯೇ ವರ್ಷಕ್ಕೆ 780 ರೂಪಾಯಿ. ಇದರ ಮೇಲೆ ಇಂಗ್ಲೆಂಡಿನ ಪಂದ್ಯಕ್ಕೆ ಆ್ಯಪ್‌ನ ಚಂದಾ ಬೇರೆ. ನಾಲ್ಕು ಮಂದಿ ಗೆಳೆಯರು ಒಂದೇ ಮನೆಯ ಟಿವಿ ಮುಂದೆ ಕೂತರೆ ಒಂದೇ ಚಂದಾ ಸಾಕು. ಚಹಾ ಮಾಡುವ ಅವ್ವನನ್ನು ಮಾತ್ರ ಮೊದಲೇ ಕೇಳಿ.

ದರ ಏರಿದಾಗ ಅಭಿಮಾನಿ ಸುಮ್ಮನಿರಬೇಕು ಅಂತೇನಿಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ 77 ಪೌಂಡಿನ ಟಿಕೆಟ್ ತರಲು ಹೊರಟಾಗ, ಸಾವಿರಾರು ಜನ ಸರಿಯಾಗಿ 77ನೇ ನಿಮಿಷಕ್ಕೆ ಮೈದಾನ ಬಿಟ್ಟು ಎದ್ದುಹೋದರು. ತಂಡ ಆಗ ಗೆಲ್ಲುತ್ತಿತ್ತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರ ಕೈಬಿಟ್ಟರು.

ಜೆರ್ಸಿಗೂ ಒಂದು ಮಾತು. ಕ್ಲಬ್ಬುಗಳು ವರ್ಷ ವರ್ಷ ಬಣ್ಣ ಬದಲಿಸುವುದೇ ಮಾರುವುದಕ್ಕೆ. ಹೋದ ವರ್ಷದ್ದು ತೊಟ್ಟು ಕೂಗಿದರೆ ಗೋಲು ನಿಲ್ಲುವುದಿಲ್ಲ. ಜಾತ್ರೆಗೆ ಪಟ್ಟಿ ಕೊಡುವಾಗ ಇಷ್ಟೇ ಅಂತ ಮೊದಲೇ ಗೊತ್ತುಮಾಡುತ್ತೀರಲ್ಲ, ಹಾಗೆ ಸುಗ್ಗಿ ದುಡ್ಡು ಬಂದಾಗಲೇ ವರ್ಷದ ಫುಟ್ಬಾಲ್ ಪಾಲನ್ನೂ ಮನೆಯವರೆದುರಿಗೆ ಗೊತ್ತುಮಾಡಿ.

ಇನ್ನು ಬೆಟ್ಟಿಂಗ್. ಅದು ತಂಡದ ಬೆಂಬಲವಲ್ಲ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಹಣ ಕಟ್ಟಿ ತಂಡ ಕಟ್ಟುವ ಫ್ಯಾಂಟಸಿ ಆಟವೂ ಅದರೊಳಗೆ ಬರುತ್ತದೆ. ಈಗಲೂ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿ ದುಡ್ಡು ಹಾಕು ಅನ್ನುವವನು ನಂಬುವ ಗಿರಾಕಿಯಲ್ಲ. ಮೋಸಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ಅಪ್ಪ ಬೈತಾನ ಅಂತ ಎರಡು ದಿನ ಮುಚ್ಚಿಟ್ಟರೆ, ಅಷ್ಟರೊಳಗೆ ಆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.