ಹಡಗಿನ ಮಾತು, ಈರುಳ್ಳಿ ರೇಟು

(ನಂದಗುಡಿಯ ರೈತರ ಸಭೆಯಲ್ಲಿ ಆಡಿದ ಮಾತುಗಳು)



ನಂದಗುಡಿಗೂ ಸಮುದ್ರಕ್ಕೂ ಏನಪ್ಪಾ ಸಂಬಂಧ ಅಂತ ನೀವು ಕೇಳಬಹುದು. ಇದೆ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಗೆ ನಮ್ಮ ಅಡುಗೆಮನೆಗಳಲ್ಲಿ ಗಿರಾಕಿ ಕಡಿಮೆ. ಅದು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಪುರದ ಕಡೆ ಹೋಗುವ ಮಾಲು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನೇ ನಿಲ್ಲಿಸಿತು. ಅಕ್ಟೋಬರಿನಲ್ಲಿ 10,000 ಟನ್ ಗುಲಾಬಿ ಈರುಳ್ಳಿಗೆ ದಾರಿ ಬಿಟ್ಟಿತು, ಅದೂ ಚೆನ್ನೈ ಬಂದರಿನಿಂದ ಮಾತ್ರ. ಹಡಗು ನಿಂತರೆ ನಮ್ಮ ರೇಟೂ ನಿಂತಿತು ಅಂತಲೇ ಲೆಕ್ಕ.

ವ್ಯಾಪಾರಿ ಹೊಲದ ಬದುವಿನ ಮೇಲೆ ನಿಂತು "ಎಫ್.ಓ.ಬಿ. ಬಿದ್ದೋಗಿದೆ ಗೌಡ್ರೇ" ಅಂತಾನೆ. ನಾವು ತಲೆ ಆಡಿಸುತ್ತೇವೆ. ಏನದು? ಮಾಲು ಹಡಗಿಗೆ ಏರುವ ತನಕದ ಬೆಲೆ. ಆರಿಸುವ ಕೂಲಿ, ಚೀಲ, ಲಾರಿ ಬಾಡಿಗೆ, ಕಸ್ಟಮ್ಸ್ ಏಜೆಂಟನ ಫೀಜು, ಬಂದರಿನ ಖರ್ಚು ಎಲ್ಲ ಅದರೊಳಗೇ. ಅಲ್ಲಿಂದಾಚೆ ಹಡಗಿನ ಬಾಡಿಗೆ ಕೊಂಡವನದು. ಹಾಗಾಗಿ ಎಫ್.ಓ.ಬಿ. ನಮ್ಮ ಬೆಲೆಯಲ್ಲ, ಬಂದರಿನಿಂದ ಒಂದೊಂದೇ ಖರ್ಚು ಕಳೆಯುತ್ತಾ ಬಂದು ಹೊಲ ಮುಟ್ಟಿದಾಗ ಉಳಿದದ್ದು ನಮ್ಮ ಬೆಲೆ. ಎಷ್ಟೆಷ್ಟು ಕಳೆದೆ ಅಂತ ಕೇಳುವ ಹಕ್ಕು ನಮಗಿದೆ, ಕೇಳಿ.

ಸರ್ಕಾರದ ಲೆಕ್ಕವೂ ಇದೇ ಮಾತಿನಲ್ಲಿ. 2024ರ ಮೇ ತಿಂಗಳಲ್ಲಿ ರಫ್ತಿನ ನಿಷೇಧ ತೆಗೆದಾಗ ಟನ್ನಿಗೆ 550 ಡಾಲರ್ ಎಫ್.ಓ.ಬಿ.ಗಿಂತ ಕಡಿಮೆಗೆ ಈರುಳ್ಳಿ ಕಳಿಸಕೂಡದು ಎಂದಿತು. ಮೇಲೆ ನೂರಕ್ಕೆ 40 ಸುಂಕ, ಅಂದರೆ 550ಕ್ಕೆ 220 ಡಾಲರ್! ಹೊರದೇಶದವನು ಅಷ್ಟು ಕೊಡಲು ಹಿಂದೆಮುಂದೆ ನೋಡಿದರೆ ವ್ಯಾಪಾರಿ ತನ್ನ ಜೇಬಿನಿಂದ ತುಂಬುತ್ತಾನೆಯೇ? ಗುಲಾಬಿ ಈರುಳ್ಳಿಗೆ ಆ ಸುಂಕ ಬಿಟ್ಟದ್ದು ಅದೇ ತಿಂಗಳು 29ಕ್ಕೆ, ಅದಕ್ಕೂ ನಮ್ಮ ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟು ಬೇಕೆಂಬ ಷರತ್ತಿನ ಮೇಲೆ. ಉಳಿದ ಈರುಳ್ಳಿಯ ಸುಂಕ ಪೂರ್ತಿ ಹೋಗಲು 2025ರ ಏಪ್ರಿಲ್ ಬರಬೇಕಾಯಿತು.

ಇನ್ನು ಸಿ.ಐ.ಎಫ್. ಮಾಲಿನ ಬೆಲೆಗೆ ವಿಮೆ, ಹಡಗಿನ ಬಾಡಿಗೆ ಎರಡೂ ಸೇರಿದ್ದು. ಇಲ್ಲೊಂದು ಸೂಕ್ಷ್ಮ ಇದೆ. ಬಾಡಿಗೆ ಕಟ್ಟುವವನು ಮಾರುವವನೇ ಆದರೂ, ಮಾಲು ಹಡಗಿಗೆ ಏರಿದ ಗಳಿಗೆಯಲ್ಲೇ ಹೊಣೆ ಕೊಂಡವನಿಗೆ ದಾಟುತ್ತದೆ. ಏರುವಾಗ ಮಾಲು ಚೆನ್ನಾಗಿತ್ತು ಅಂತಾದರೆ, "ಸಮುದ್ರದಲ್ಲಿ ನೀರು ನುಗ್ಗಿ ಕೊಳೆತೋಯ್ತು, ನಿಮ್ಮ ದುಡ್ಡಲ್ಲಿ ಮುರ್ಕೋತೀನಿ" ಅನ್ನುವವನ ಮಾತು ನಿಲ್ಲುವುದಿಲ್ಲ. ಅವನಿಗೆ ವಿಮೆ ಇರುವುದು ಯಾತಕ್ಕೆ?

ಚೆನ್ನಾಗಿತ್ತು ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಹಡಗಿನವನು ಮಾಲು ತಗೊಂಡು ಕೊಡುವ ರಸೀದಿಗೆ ಬಿಲ್ ಆಫ್ ಲೇಡಿಂಗ್ ಅನ್ನುತ್ತಾರೆ. ಬರೀ ರಸೀದಿಯಲ್ಲ, ಜಮೀನಿನ ಪತ್ರ ಇದ್ದ ಹಾಗೆ. ಅದರ ಅಸಲು ಯಾರ ಕೈಲಿದೆಯೋ ಮಾಲು ಅವನ ಹಿಡಿತದಲ್ಲಿ. ಇದಕ್ಕೆ 1856ರಲ್ಲಿ ಕಂಪನಿ ಸರ್ಕಾರ ಮಾಡಿದ್ದ ಕಾಯ್ದೆಯೇ ನಡೆದುಬಂದಿತ್ತು. ಸಂಸತ್ತು ಹೊಸದು ಮಾಡಿದ್ದು 2025ರಲ್ಲಿ. ಆದರೆ ಸೀಲು ಹಾಕಿದ ಕಂಟೈನರಿನೊಳಗೆ ಹಡಗಿನವನು ಇಣುಕುವುದಿಲ್ಲ. ಕಳಿಸಿದವನೇ ತುಂಬಿ ಎಣಿಸಿದ್ದು ಅಂತ ಬರೆದು ಕೈ ತೊಳೆದುಕೊಳ್ಳುತ್ತಾನೆ. ಆದ್ದರಿಂದ ನಮ್ಮ ಸಾಕ್ಷಿ ನಮ್ಮೂರಲ್ಲೇ ಹುಟ್ಟಬೇಕು: ಲಾರಿಗೆ ತುಂಬುವ ದಿನವೇ ತೂಕ, ಗಾತ್ರ, ಮಾಲಿನ ಸ್ಥಿತಿ ಬರೆದು ವ್ಯಾಪಾರಿಯ ಸಹಿ ಹಾಕಿಸಿಕೊಂಡ ಚೀಟಿ.

ಕೊನೆಗೆ ಡೆಮರೇಜು. ಬಂದರಿನಲ್ಲಿ ಕಂಟೈನರಿಗೆ ಇಷ್ಟು ದಿನ ಪುಕ್ಕಟೆ ಅಂತ ಇರುತ್ತದೆ. ಮೀರಿದರೆ ದಿನಕ್ಕಿಷ್ಟು ದಂಡ. ಕಾಗದ ತಡವಾದದ್ದು ವ್ಯಾಪಾರಿಯ ಆಫೀಸಿನಲ್ಲಿ, ದಂಡ ಮಾತ್ರ ನಮ್ಮ ಪಟ್ಟಿಯಲ್ಲಿ "ಇತರೆ ಖರ್ಚು" ಅಂತ ಇಳಿಯುತ್ತದೆ. ಆ "ಇತರೆ" ಏನೇನು ಅಂತ ಬಿಡಿಸಿ ಬರೆಯುವ ತನಕ ಪಟ್ಟಿಗೆ ಸಹಿ ಹಾಕಬೇಡಿ.