ಸೋಲಿನ ಮರುದಿನದ ಅಭಿಮಾನಿ
(ಉಪನ್ಯಾಸವೊಂದರ ಪಠ್ಯ)



ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಮೈದಾನಗಳು, ಅಲ್ಲಿನ ಮನೆತನಗಳ ನಡುವಿನ ಪಂದ್ಯಾವಳಿ, ಧ್ಯಾನಚಂದ್‌ರ ಹೆಸರು. ಕೆನಡಾ ದೇಶದಲ್ಲಿ ಹಾಗಲ್ಲ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಆಟಗಾರನ ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು, ಕೈಯಲ್ಲಿ ಬಾಗಿದ ಕೋಲು. ಚೆಂಡಿನ ಬದಲಿಗೆ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಆದರೆ ಇಂದಿನ ಮಾತು ಆ ಆಟವನ್ನು ಕುರಿತದ್ದಲ್ಲ, ಅದನ್ನು ನೋಡುವವನನ್ನು ಕುರಿತದ್ದು. ತನ್ನ ಮೆಚ್ಚಿನ ತಂಡ ಪ್ಲೇಆಫ್ ಹಂತದಲ್ಲಿ ಸೋತು ಹೊರಬಿದ್ದಾಗ ಅಭಿಮಾನಿಯ ಮನಸ್ಸಿಗೆ ಏನಾಗುತ್ತದೆ? ಕೋಲು ಹಿಡಿಯದ, ಮಂಜಿಗೆ ಇಳಿಯದ, ಸಂಬಳ ಪಡೆಯದ ಮನುಷ್ಯ ವಾರಗಟ್ಟಲೆ ಮಂಕಾಗಿ ಕೂರುವುದೇಕೆ? ಇದನ್ನು ಬರೀ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅದರ ಹಿಂದೆ ಇತಿಹಾಸವೂ ಇದೆ, ಲೆಕ್ಕಾಚಾರವೂ ಇದೆ.

2013ರ ಮೇ 13ರ ರಾತ್ರಿಯನ್ನೇ ತೆಗೆದುಕೊಳ್ಳಬಹುದು. ಟೊರಾಂಟೊ ನಗರದ ಮೇಪಲ್ ಲೀಫ್ಸ್ ತಂಡ ಅಮೆರಿಕದ ಬಾಸ್ಟನ್‌ನಲ್ಲಿ ಅಲ್ಲಿನ ಬ್ರೂಯಿನ್ಸ್ ತಂಡದ ವಿರುದ್ಧ ಏಳನೆಯ, ಅಂದರೆ ನಿರ್ಣಾಯಕ ಪಂದ್ಯ ಆಡುತ್ತಿತ್ತು. ಒಂಬತ್ತು ವರ್ಷಗಳ ನಂತರ ತಂಡ ಪ್ಲೇಆಫ್ ಮುಖ ಕಂಡಿದ್ದ ವರ್ಷವದು. ಟೊರಾಂಟೊದ ಕ್ರೀಡಾಂಗಣದ ಹೊರಗಿನ ಚೌಕದಲ್ಲಿ ದೊಡ್ಡ ಪರದೆಯ ಮುಂದೆ ಸಾವಿರಾರು ಜನ ನೆರೆದಿದ್ದರು. ಮೂರನೆಯ ಹಾಗೂ ಕೊನೆಯ ಅವಧಿಯಲ್ಲಿ ಲೀಫ್ಸ್ 4-1ರಿಂದ ಮುಂದಿತ್ತು. ಅಪ್ಪಿಕೊಳ್ಳುವವರು ಅಪ್ಪಿಕೊಂಡರು, ಕುಣಿಯುವವರು ಕುಣಿದರು. ಬಾಸ್ಟನ್ ಒಂದು ಗೋಲು ತೀರಿಸಿತು. ಪಂದ್ಯ ಮುಗಿಯಲು ಒಂದೂವರೆ ನಿಮಿಷವೂ ಉಳಿದಿಲ್ಲದಾಗ ಮತ್ತೊಂದು. ಅರೆ ನಿಮಿಷ ಕಳೆಯುವುದರಲ್ಲಿ ಇನ್ನೊಂದು. ಪಂದ್ಯ ಸಮಬಲ. ಹೆಚ್ಚುವರಿ ಅವಧಿಯ ಏಳನೆಯ ನಿಮಿಷದಲ್ಲಿ ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜರಾನ್ ಹೊಡೆದ ಗೋಲಿನೊಂದಿಗೆ ಎಲ್ಲವೂ ಮುಗಿದುಹೋಯಿತು. ಏಳನೆಯ ಪಂದ್ಯದ ಮೂರನೆಯ ಅವಧಿಯಲ್ಲಿ ಮೂರು ಗೋಲುಗಳಷ್ಟು ಹಿಂದಿದ್ದ ತಂಡವೊಂದು ಗೆದ್ದದ್ದು ನ್ಯಾಷನಲ್ ಹಾಕಿ ಲೀಗಿನ ಇತಿಹಾಸದಲ್ಲಿ ಅದೇ ಮೊದಲು. ಸ್ವಲ್ಪ ಹೊತ್ತಿನ ಮೊದಲು ಕುಣಿದಿದ್ದ ಚೌಕದಲ್ಲಿ ಜನ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

ಈ ಸೋಲು ಇಷ್ಟು ಚುಚ್ಚಲು ಮೊದಲ ಕಾರಣ ಪ್ಲೇಆಫ್ ಏರ್ಪಾಡಿನ ಸ್ವರೂಪದಲ್ಲೇ ಇದೆ. 1917ರಲ್ಲಿ ಆರಂಭವಾದ ಈ ಲೀಗಿನಲ್ಲಿ 2024-25ರ ಋತುವಿನ ಹೊತ್ತಿಗೆ 32 ತಂಡಗಳಿದ್ದವು. ಪ್ರತಿ ತಂಡವೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಪಂದ್ಯ ಆಡಿತು. ಅವುಗಳಲ್ಲಿ 16 ತಂಡಗಳಿಗೆ ಮಾತ್ರ ಪ್ಲೇಆಫ್ ಪ್ರವೇಶ. ಅಲ್ಲಿ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲಿ ಏಳು ಪಂದ್ಯಗಳ ಪೈಕಿ ನಾಲ್ಕು ಗೆದ್ದವರು ಮುಂದಕ್ಕೆ. ಕಪ್ಪಿಗಾಗಿ ಒಟ್ಟು 16 ಗೆಲುವು ಬೇಕು. ಒಂದೇ ಎದುರಾಳಿಯೊಡನೆ ಎರಡು ವಾರ ಸೆಣಸಬೇಕಾದ್ದರಿಂದ ಆಸೆ ಒಮ್ಮೆಲೇ ಸಾಯುವುದಿಲ್ಲ. ದಿನ ಬಿಟ್ಟು ದಿನ ಹುಟ್ಟಿ ದಿನ ಬಿಟ್ಟು ದಿನ ಸಾಯುತ್ತದೆ. ಜೊತೆಗೆ ಪ್ಲೇಆಫ್ ಪಂದ್ಯ ಸಮಬಲವಾದರೆ ಯಾರಾದರೂ ಗೋಲು ಹೊಡೆಯುವವರೆಗೆ ಇಪ್ಪತ್ತಿಪ್ಪತ್ತು ನಿಮಿಷಗಳ ಅವಧಿಗಳು ಮುಂದುವರಿಯುತ್ತಲೇ ಇರುತ್ತವೆ. 1936ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪಂದ್ಯ ಹೀಗೆ ಆರು ಹೆಚ್ಚುವರಿ ಅವಧಿಗಳನ್ನು ಕಂಡು, ನಡುರಾತ್ರಿ ದಾಟಿದ ಮೇಲೆ ಒಂದೇ ಒಂದು ಗೋಲಿನಿಂದ ಇತ್ಯರ್ಥವಾಯಿತು. ಒಂದು ಕ್ಷಣದ ಹಿಂದೆ ಇದ್ದ ಋತು ಮರುಕ್ಷಣ ಇಲ್ಲ. ಸಾವಕಾಶವಾಗಿ ಸೋಲಿಗೆ ಒಗ್ಗಿಕೊಳ್ಳುವ ಅವಕಾಶವನ್ನೇ ಈ ನಿಯಮ ಅಭಿಮಾನಿಗೆ ಕೊಡುವುದಿಲ್ಲ.

ಎರಡನೆಯ ಕಾರಣ, ನೆನಪಿನ ಭಾರ. ಟೊರಾಂಟೊದವರ ಅಳಲು ಒಂದು ರಾತ್ರಿಯದಲ್ಲ. ಲಾರ್ಡ್ ಸ್ಟಾನ್ಲಿ ಎಂಬ ಗವರ್ನರ್ ಜನರಲ್ 1892ರಲ್ಲಿ ದಾನವಾಗಿ ಕೊಟ್ಟ ಬೆಳ್ಳಿಯ ಬಟ್ಟಲೇ ಇಂದಿನ ಸ್ಟಾನ್ಲಿ ಕಪ್ಪಿನ ಮೂಲ. ಅದನ್ನು ಲೀಫ್ಸ್ ತಂಡ ಕೊನೆಯ ಬಾರಿ ಎತ್ತಿದ್ದು 1967ರ ಮೇ 2ರಂದು, ಮಾಂಟ್ರಿಯಲ್ ತಂಡವನ್ನು ಸೋಲಿಸಿ. ಕೆನಡಾ ಒಕ್ಕೂಟದ ಶತಮಾನೋತ್ಸವದ ವರ್ಷವದು. ಆಗ ಲೀಗಿನಲ್ಲಿ ಇದ್ದದ್ದೇ ಆರು ತಂಡಗಳು. ಅಲ್ಲಿಂದ 2025ರವರೆಗೆ ಐವತ್ತೆಂಟು ವರ್ಷ ಆ ಊರಿಗೆ ಕಪ್ ಬಂದಿರಲಿಲ್ಲ. 1967ರಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಕೇಳಿದ ಮಗು 2025ರಲ್ಲಿ ಅಜ್ಜನಾಗಿರುತ್ತಾನೆ.

ಈ ನೆನಪಿನಲ್ಲಿ ಗೆಲುವಿಗಿಂತ ಗಾಯಗಳೇ ಹೆಚ್ಚು. 1993ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ತಂಡದ ವಿರುದ್ಧದ ಆರನೆಯ ಪಂದ್ಯದಲ್ಲಿ ವೇಯ್ನ್ ಗ್ರೆಟ್ಸ್ಕಿಯ ಕೋಲು ಲೀಫ್ಸ್‌ನ ಡಗ್ ಗಿಲ್ಮರ್ ಅವರ ಮುಖಕ್ಕೆ ತಾಗಿತು. ರೆಫರಿ ಕೆರಿ ಫ್ರೇಸರ್ ದಂಡ ವಿಧಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗೆಲುವಿನ ಗೋಲು ಹೊಡೆದವರು ಗ್ರೆಟ್ಸ್ಕಿಯೇ. ಏಳನೆಯ ಪಂದ್ಯದಲ್ಲೂ ಅವರು ಮೂರು ಗೋಲು ಬಾರಿಸಿ ಲೀಫ್ಸ್ ತಂಡವನ್ನು ಮನೆಗೆ ಕಳುಹಿಸಿದರು. ಟೊರಾಂಟೊದಲ್ಲಿ ಆ ರೆಫರಿಯ ಹೆಸರು ದಶಕಗಳ ನಂತರವೂ ಮರೆಯಾಗಲಿಲ್ಲ. 2013, 2018, 2019, 2024, ಈ ನಾಲ್ಕೂ ಬಾರಿ ಬಾಸ್ಟನ್ ಎದುರು ಸೋತದ್ದು ಏಳನೆಯ ಪಂದ್ಯದಲ್ಲೇ. 2021ರಲ್ಲಿ ಮಾಂಟ್ರಿಯಲ್ ವಿರುದ್ಧ 3-1ರಿಂದ ಮುಂದಿದ್ದು ಸತತ ಮೂರು ಪಂದ್ಯ ಕಳೆದುಕೊಂಡಿತು. 2023ರಲ್ಲಿ ಟ್ಯಾಂಪಾ ತಂಡವನ್ನು ಸೋಲಿಸಿ, 2004ರ ನಂತರ ಮೊದಲ ಬಾರಿಗೆ ಒಂದು ಸುತ್ತು ದಾಟಿದಾಗ ಜನ ಕಪ್ಪೇ ಬಂದಂತೆ ಬೀದಿಗಿಳಿದರು. ಮುಂದಿನ ಸುತ್ತು ಐದೇ ಪಂದ್ಯಗಳಲ್ಲಿ ಮುಗಿಯಿತು. 2025ರಲ್ಲಿ ಫ್ಲಾರಿಡಾ ಎದುರು ಮೊದಲ ಎರಡು ಪಂದ್ಯ ಗೆದ್ದ ತಂಡ, ಏಳನೆಯ ಪಂದ್ಯವನ್ನು ತನ್ನ ಅಂಗಳದಲ್ಲೇ 6-1ರಿಂದ ಸೋತಿತು. ಹೀಗಾಗಿ ಹೊಸ ಸೋಲು ಒಂಟಿಯಾಗಿ ಬರುವುದಿಲ್ಲ, ಹಳೆಯವನ್ನೆಲ್ಲ ಕೈಹಿಡಿದು ಕರೆತರುತ್ತದೆ. ಕಪ್ಪಿಗಾಗಿ ಹದಿನೆಂಟನೆಯ ಋತುವಿನವರೆಗೆ ಕಾದ ಬೆಂಗಳೂರಿನ ಕ್ರಿಕೆಟ್ ಅಭಿಮಾನಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅಭಿಮಾನಿ ತಂಡವನ್ನು ಬಿಟ್ಟುಬಿಡಬಾರದೇಕೆ? ಈ ಬಗ್ಗೆ ಮನಶ್ಶಾಸ್ತ್ರಜ್ಞರು ನಡೆಸಿದ ಅಧ್ಯಯನಗಳು ಸ್ವಾರಸ್ಯಕರವಾಗಿವೆ. ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ತಂಡದ ಗುರುತಿರುವ ಉಡುಪು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಗೆದ್ದರೆ 'ನಾವು ಗೆದ್ದೆವು' ಎನ್ನುವವರು, ಸೋತರೆ 'ಅವರು ಸೋತರು' ಎನ್ನುವುದೇ ಹೆಚ್ಚು. ಗೆಲುವಿಗೆ ನೆಂಟರು ಬಹಳ ಎಂಬ ಲೋಕಾನುಭವಕ್ಕೆ ಇದೊಂದು ಪುರಾವೆ. ಆದರೆ 1990ರಲ್ಲಿ ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೂಂಬ್ ತೋರಿಸಿಕೊಟ್ಟಂತೆ, ತಂಡದೊಡನೆ ತನ್ನನ್ನು ಗಾಢವಾಗಿ ಗುರುತಿಸಿಕೊಂಡವನು ಸೋತಾಗಲೂ ದೂರ ಸರಿಯಲಾರ. ಅವನ ಬಾಯಲ್ಲಿ 'ಅವರು' ಎಂಬ ಮಾತು ಬರುವುದೇ ಇಲ್ಲ. ಅವನ ಸಂಕಟದ ಬೇರು ಇಲ್ಲಿದೆ. ಸೋತದ್ದು 'ನಾವು', ಸೋಲನ್ನು ತಪ್ಪಿಸಲು 'ನಾನು' ಮಾಡಬಹುದಾದದ್ದು ಮಾತ್ರ ಏನೂ ಇರಲಿಲ್ಲ. ಆದಕಾರಣವೇ ಅವನು ಗಡ್ಡ ಬಿಡುತ್ತಾನೆ, ಒಂದೇ ಅಂಗಿ ತೊಡುತ್ತಾನೆ, ಒಂದೇ ಕುರ್ಚಿಯಲ್ಲಿ ಕೂರುತ್ತಾನೆ. ಪ್ಲೇಆಫ್ ಮುಗಿಯುವವರೆಗೆ ಗಡ್ಡ ಬೋಳಿಸದಿರುವ ರೂಢಿ 1980ರ ಸುಮಾರಿಗೆ ನ್ಯೂಯಾರ್ಕ್ ಐಲ್ಯಾಂಡರ್ಸ್ ಆಟಗಾರರಿಂದ ಹಬ್ಬಿ ಅಭಿಮಾನಿಗಳಿಗೂ ಅಂಟಿತು. ಕೈಲಾಗದವನು ಹೊರುವ ಹರಕೆ ಅದು.

ಈ ಅಸಹಾಯಕತೆ ಕೋಪವಾಗಿ ತಿರುಗಿದರೆ ಊರೇ ಹೊತ್ತಿಕೊಳ್ಳಬಹುದು. 1955ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನ ಮಹಾನ್ ಆಟಗಾರ ಮೊರೀಸ್ ರಿಶಾರ್ ಪಂದ್ಯದ ಅಧಿಕಾರಿಯೊಬ್ಬರನ್ನು ಹೊಡೆದರೆಂದು ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವರನ್ನು ಆ ಋತುವಿನ ಉಳಿದ ಪಂದ್ಯಗಳಿಂದಲೂ ಪ್ಲೇಆಫ್‌ನಿಂದಲೂ ಹೊರಗಿಟ್ಟರು. ಮಾರ್ಚ್ 17ರಂದು ಸ್ವತಃ ಕ್ಯಾಂಬೆಲ್ ಪಂದ್ಯ ನೋಡಲು ಬಂದಾಗ ಜನ ಅವರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಅಶ್ರುವಾಯು ಸಿಡಿಯಿತು, ಪಂದ್ಯ ನಿಂತಿತು, ಗಲಭೆ ಬೀದಿಗೆ ಹರಿಯಿತು. ಆಂಗ್ಲ ಭಾಷಿಕರ ಆಡಳಿತ ಫ್ರೆಂಚ್ ಭಾಷಿಕರಾದ ತಮ್ಮನ್ನು ಕೀಳಾಗಿ ಕಾಣುತ್ತಿದೆ ಎಂಬ ಕ್ಯುಬೆಕ್ ಜನರ ಅಸಮಾಧಾನ ಅದರ ಹಿಂದಿತ್ತು. ಮರುದಿನ ರಿಶಾರ್ ಅವರೇ ರೇಡಿಯೊದಲ್ಲಿ ಶಾಂತಿಗಾಗಿ ಮನವಿ ಮಾಡಬೇಕಾಯಿತು. ಆ ವರ್ಷ ರಿಶಾರ್ ಅವರಿಗಿಂತ ಒಂದೇ ಒಂದು ಅಂಕ ಹೆಚ್ಚು ಗಳಿಸಿದ ಸಹ ಆಟಗಾರ ಬರ್ನಾರ್ ಜೆಫ್ರಿಯೋನ್ ಅವರನ್ನು ಸ್ವಂತ ಊರಿನ ಅಭಿಮಾನಿಗಳೇ ಹೀಯಾಳಿಸಿದರು. ಅತಿಯಾದ ಪ್ರೀತಿಗೆ ನ್ಯಾಯಾನ್ಯಾಯ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ವ್ಯಾಂಕೂವರ್ ನಗರ ಎರಡು ಬಾರಿ ಇದನ್ನು ಕಂಡಿತು. 1994ರ ಜೂನ್ 14ರಂದು ನ್ಯೂಯಾರ್ಕ್ ಎದುರು, 2011ರ ಜೂನ್ 15ರಂದು ಬಾಸ್ಟನ್ ಎದುರು, ಎರಡೂ ಸಲ ಫೈನಲ್ಲಿನ ಏಳನೆಯ ಪಂದ್ಯದಲ್ಲಿ ಅಲ್ಲಿನ ಕನಕ್ಸ್ ತಂಡ ಸೋತಿತು. ಎರಡೂ ಸಲ ದೊಂಬಿ ನಡೆಯಿತು. 2011ರಲ್ಲಿ ಪರದೆ ನೋಡಲು ಒಂದು ಲಕ್ಷಕ್ಕೂ ಹೆಚ್ಚು ಜನ ನಗರದ ನಡುಭಾಗಕ್ಕೆ ಬಂದಿದ್ದರು. ಕಾರುಗಳು ಉರಿದವು, ಅಂಗಡಿಗಳ ಗಾಜು ಒಡೆದು ಲೂಟಿಯಾಯಿತು. ಹಾಗೆಂದು ಬಂದವರೆಲ್ಲರನ್ನೂ ಪುಂಡರೆನ್ನಲಾಗದು. ಮರುದಿನ ಬೆಳಿಗ್ಗೆ ನಡೆದದ್ದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಯಾರೂ ಅಪ್ಪಣೆ ಮಾಡದೆ ಜನ ಪೊರಕೆ, ಕಸದ ಚೀಲ ಹಿಡಿದು ಬಂದು ಬೀದಿ ಗುಡಿಸಿದರು. ಅವರಲ್ಲಿ ಹಲವರು ತಂಡದ ಅಂಗಿಯನ್ನೇ ತೊಟ್ಟಿದ್ದರು. ಒಡೆದ ಗಾಜಿನ ಜಾಗದಲ್ಲಿ ಬಡಿದ ಹಲಗೆಗಳ ಮೇಲೆ ಕ್ಷಮೆಯ, ಊರಿನ ಮೇಲಿನ ಪ್ರೀತಿಯ ಮಾತುಗಳನ್ನು ಬರೆದು ತುಂಬಿಸಿದರು.

ಇನ್ನೊಂದು ಪ್ರಶ್ನೆ ಹಣಕಾಸಿನದು. ಮಾರುಕಟ್ಟೆಯಲ್ಲಿ ಕಳಪೆ ಸಾಬೂನು ಸಿಕ್ಕರೆ ಗ್ರಾಹಕ ಬೇರೆ ಸಾಬೂನು ಕೊಳ್ಳುತ್ತಾನೆ. ಅಭಿಮಾನಿ ಹಾಗೆ ಬದಲಿಸಲಾರ. ಮಾಲೀಕರಿಗೆ ಅದು ಚೆನ್ನಾಗಿ ಗೊತ್ತು. 1970, 80ರ ದಶಕಗಳಲ್ಲಿ ಹೆರಾಲ್ಡ್ ಬಲಾರ್ಡ್ ಒಡೆತನದಲ್ಲಿ ಲೀಫ್ಸ್ ತಂಡ ಸೊರಗಿ ಹೋಗಿದ್ದರೂ ಕ್ರೀಡಾಂಗಣ ತುಂಬುತ್ತಲೇ ಇತ್ತು. 2004-05ರ ಋತು ಸಂಬಳದ ವಿವಾದದಿಂದ ಪೂರ್ತಿ ರದ್ದಾದ ಮೇಲೆ ಲೀಗ್ ಪ್ರತಿ ತಂಡದ ವೇತನ ವೆಚ್ಚಕ್ಕೆ ಮಿತಿ ಹಾಕಿತು; ಅಲ್ಲಿಂದೀಚೆಗೆ ಶ್ರೀಮಂತ ತಂಡವೂ ಹಣ ಚೆಲ್ಲಿ ಗೆಲುವು ಕೊಳ್ಳುವಂತಿಲ್ಲ. ಹೀಗಿರುವಾಗ ಸೋತ ರಾತ್ರಿ ಅಭಿಮಾನಿ ತನ್ನ ದುಬಾರಿ ಅಂಗಿಯನ್ನು ಕಳಚಿ ಮಂಜಿನ ಮೇಲೆ ಎಸೆಯುವುದು ಬರೀ ರಂಪವಲ್ಲ. ಮತ ಹಾಕುವ ಹಕ್ಕಿಲ್ಲದವನು ಸಲ್ಲಿಸುವ ಅರ್ಜಿ ಎಂದೂ ಅದನ್ನು ಓದಬಹುದು. ಆದರೆ ಆ ಅರ್ಜಿಯನ್ನು ಆಟಗಾರನ ಮುಖಕ್ಕೆ ಎಸೆದಾಗ, ಅವನ ಹೆಂಡತಿ ಮಕ್ಕಳನ್ನು ಬೈಯುವಲ್ಲಿಗೆ ಹೋದಾಗ, ಅದು ಅರ್ಜಿಯಾಗಿ ಉಳಿಯುವುದಿಲ್ಲ.

ಈ ಆಟದಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಪ್ಲೇಆಫ್‌ನ ಪ್ರತಿ ಸುತ್ತು ಮುಗಿದಾಗ ಎರಡೂ ತಂಡದವರು ಮಂಜಿನ ಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಕೈಕುಲುಕುತ್ತಾರೆ. ಎರಡು ವಾರ ಒಬ್ಬರನ್ನೊಬ್ಬರು ಗೋಡೆಗೆ ಗುದ್ದಿದವರು, ಹಲ್ಲು ಕಳೆದುಕೊಂಡವರು, ಒಂದೆರಡು ಮಾತಾಡಿ ಬೆನ್ನು ತಟ್ಟಿ ಹೊರಡುತ್ತಾರೆ. ಸೋಲಿಗೆ ಆಟಗಾರ ಹೀಗೆ ಒಂದು ಮುಕ್ತಾಯ ಹಾಡುತ್ತಾನೆ. ಅಭಿಮಾನಿಗೆ ಅಂಥ ಸಾಲು ಇಲ್ಲ. ದೂರದರ್ಶನ ಆರಿಸಿದ ಕೂಡಲೇ ಅವನು ಕತ್ತಲಲ್ಲಿ ಒಬ್ಬನೇ. ತನ್ನ ಮುಕ್ತಾಯವನ್ನು ಅವನೇ ಹುಡುಕಿಕೊಳ್ಳಬೇಕು. ಒಬ್ಬನಿಗೆ ಅದು ಕಲ್ಲು, ಇನ್ನೊಬ್ಬನಿಗೆ ಪೊರಕೆ.

ಟೊರಾಂಟೊದವರು ಇಂದಿಗೂ ಹೇಳಿಕೊಳ್ಳುವ ಒಂದು ಕಥೆಯೊಂದಿಗೆ ಮಾತು ಮುಗಿಸಬಹುದು. 1951ರ ಏಪ್ರಿಲ್ 21ರಂದು ಬಿಲ್ ಬರಿಲ್ಕೊ ಎಂಬ ಇಪ್ಪತ್ತನಾಲ್ಕರ ತರುಣ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಲೀಫ್ಸ್‌ಗೆ ಕಪ್ ತಂದುಕೊಟ್ಟ. ಆ ಆಗಸ್ಟ್‌ನಲ್ಲಿ ಮೀನು ಹಿಡಿಯಲು ಸಣ್ಣ ವಿಮಾನದಲ್ಲಿ ಹೋದವನು ಮರಳಲಿಲ್ಲ. ಮುಂದಿನ ಹನ್ನೊಂದು ವರ್ಷ ತಂಡಕ್ಕೆ ಕಪ್ ದಕ್ಕಲಿಲ್ಲ. 1962ರ ವಸಂತದಲ್ಲಿ ಲೀಫ್ಸ್ ಮತ್ತೆ ಗೆದ್ದಿತು. ಅದಾದ ಕೆಲವೇ ವಾರಗಳಲ್ಲಿ ಉತ್ತರದ ಕಾಡಿನಲ್ಲಿ ಆ ವಿಮಾನದ ಅವಶೇಷ ಪತ್ತೆಯಾಯಿತು. ಇದು ಕಾಕತಾಳೀಯವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆದರೂ ತಂದೆ ಅದನ್ನು ಮಗನಿಗೆ ಹೇಳುತ್ತಾನೆ. ಹೇಳುವವರು ಈಗ ಹಳೆಯ ಟೊರಾಂಟೊದವರಷ್ಟೇ ಅಲ್ಲ. 2008ರಿಂದ ಪಂಜಾಬಿ ಭಾಷೆಯಲ್ಲೂ ಹಾಕಿಯ ವೀಕ್ಷಕ ವಿವರಣೆ ಆರಂಭವಾಯಿತು. ನಮ್ಮ ದೇಶದಿಂದ ಹೋಗಿ ನೆಲೆಸಿದವರ ಮಕ್ಕಳೂ ಆ ನೀಲಿ ಬಿಳಿ ಅಂಗಿ ತೊಟ್ಟು ಆ ಊರಿನ ಸೋಲನ್ನು ತಮ್ಮದೆಂದು ಹೊತ್ತರು. ಹೊಸ ಊರು ಸ್ವಂತವಾಗುವುದು ಅದರ ಗೆಲುವಿನಲ್ಲಿ ಪಾಲು ಕೇಳಿದಾಗಲ್ಲ, ಅದರ ಸೋಲಿಗೆ ಕಣ್ಣು ತುಂಬಿದಾಗ.

ಏಪ್ರಿಲ್‌ನಲ್ಲೋ ಮೇನಲ್ಲೋ 'ಇನ್ನು ಈ ಸಹವಾಸ ಸಾಕು' ಎಂದು ಆಣೆ ಮಾಡಿದ ಅಭಿಮಾನಿ ಅಕ್ಟೋಬರ್‌ನ ಮೊದಲ ಪಂದ್ಯದ ಹೊತ್ತಿಗೆ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾನೆ. ಅವನ ಆಣೆ ಸುಳ್ಳಾಗಿರಬಹುದು, ಸಂಕಟ ಸುಳ್ಳಲ್ಲ. ಆ ಸಂಕಟವನ್ನು ಯಾರ ಗಾಜನ್ನೂ ಒಡೆಯದೆ, ಯಾರ ಮನಸ್ಸನ್ನೂ ನೋಯಿಸದೆ ಬೇಸಿಗೆ ದಾಟಿಸಿದವನೇ ನಿಜವಾದ ಅಭಿಮಾನಿ.