ಎಳೆದಷ್ಟೂ ಕುಸಿಯುವ ವಿಮಾನ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕನ್ನಡದಲ್ಲಿ ಕಲಿತ ಮಗು ವಿಮಾನ ನಡೆಸಬಲ್ಲುದೇ ಎಂದು ಜತ್ತ ತಾಲೂಕಿನ ಪಾಲಕರು ನಮ್ಮನ್ನು ಕೇಳುವುದುಂಟು. ಪೈಲಟ್ ಪರೀಕ್ಷೆಗೆ ಇಂಗ್ಲಿಷ್ ಬೇಕು, ನಿಜ. ಅದನ್ನೂ ನಾವು ಕಲಿಸುತ್ತೇವೆ. ಆದರೆ ಪೈಲಟ್‌ನ ಪ್ರಾಣ ಉಳಿಸುವ ತಿಳಿವಳಿಕೆ ಕನ್ನಡಕ್ಕೆ ದಕ್ಕುವುದೋ ಇಲ್ಲವೋ, ಇಂದು ಪರೀಕ್ಷಿಸೋಣ.

ವಿಮಾನ 'ಸ್ಟಾಲ್' ಆಯಿತು ಎಂದರೆ ಎಂಜಿನ್ ನಿಂತಿತೆಂದಲ್ಲ. ಸೋತದ್ದು ರೆಕ್ಕೆ. ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನ ಸುಮಾರು 15 ಅಂಶ ದಾಟಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತು ಸುಳಿಯಾಗುತ್ತದೆ; ಎತ್ತುವ ಬಲ ಕುಸಿಯುತ್ತದೆ. ಹೀಗೆ ಮೈಗಂಟುವ ಗಾಳಿಯ ತೆಳುಪದರವನ್ನು 1904ರಲ್ಲಿ ವಿವರಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟಲ್. ಅವರ ಶಿಷ್ಯರಾದ ಡಾ. ವಿ. ಎಂ. ಘಾಟಗೆ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿದವರು! ಅವರು ಬೆಂಗಳೂರಿನಲ್ಲಿ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲಿ ಮೊದಲು ಹಾರಿತು.

ಸ್ಟಾಲ್ ಹೇಳದೆ ಬರುವುದು ವಿರಳ. ಹಿಡಿಕೋಲು ಸಡಿಲವೆನಿಸುತ್ತದೆ, ಗಾಳಿಯ ಸದ್ದು ಇಳಿಯುತ್ತದೆ, ಎಚ್ಚರಿಕೆಯ ಹಾರ್ನ್ ಕೂಗುತ್ತದೆ, ಮೈ ಗಡಗಡ ನಡುಗುತ್ತದೆ. ಆಮೇಲೆ ಮೂತಿ ಕೆಳಗೆ ವಾಲುತ್ತದೆ. ಆಗ ಕೈ ತಾನಾಗಿ ಕೋಲನ್ನು ಹಿಂದಕ್ಕೆಳೆಯಲು ಹವಣಿಸುತ್ತದೆ. ಎಳೆದರೆ ಕೋನ ಇನ್ನಷ್ಟು ಹಿಗ್ಗಿ ಕುಸಿತ ಹೆಚ್ಚುತ್ತದೆ. ಮಾಡಬೇಕಾದದ್ದು ಇದರ ವಿರುದ್ಧ: ಮೊದಲು ಕೋಲನ್ನು ಮುಂದಕ್ಕೆ ಒತ್ತಿ ಕೋನ ಇಳಿಸಬೇಕು. ಒಂದು ರೆಕ್ಕೆ ವಾಲುತ್ತಿದ್ದರೆ ಚುಕ್ಕಾಣಿಯ ಪೆಡಲ್‌ನಿಂದ ತಡೆಯಬೇಕು. ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು, ರೆಕ್ಕೆಗಳನ್ನು ಸಮಮಾಡಿ, ವೇಗ ಕೂಡಿದ ಮೇಲೆ ಮೆಲ್ಲಗೆ ಮೂತಿ ಎತ್ತಬೇಕು. ಅವಸರದಿಂದ ಎತ್ತಿದರೆ ಎರಡನೆಯ ಸ್ಟಾಲ್ ಕಾದಿರುತ್ತದೆ. ಹೆದರಿಕೆಯ ಮಾತು ಕೇಳದಂತೆ ಕೈಯನ್ನು ಪಳಗಿಸುವುದೇ ಕಠಿಣ. ಅದಕ್ಕಾಗಿಯೇ ಗುರುವನ್ನು ಪಕ್ಕದಲ್ಲಿಟ್ಟುಕೊಂಡು, ಸಾವಿರಾರು ಅಡಿ ಎತ್ತರದಲ್ಲಿ, ವಿದ್ಯಾರ್ಥಿಗಳು ಇದನ್ನು ಬೇಕೆಂದೇ ಮಾಡಿ ಕಲಿಯುತ್ತಾರೆ.

ನಿಜವಾದ ಅಪಾಯವಿರುವುದು ನೆಲದ ಸಮೀಪ, ಇಳಿಯುವ ಮುನ್ನ ತಿರುಗುವಾಗ. ಎತ್ತರ ಕಳೆಯದೆ 60 ಅಂಶ ವಾಲಿ ತಿರುಗಿದರೆ ರೆಕ್ಕೆ ಎರಡು ಪಟ್ಟು ಭಾರ ಹೊರಬೇಕು. ಸ್ಟಾಲ್ ಆಗುವ ವೇಗ ಶೇಕಡಾ 41ರಷ್ಟು ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನ ಆಗ 113ಕ್ಕೇ ಆಗುತ್ತದೆ. ಈ 41 ಎಲ್ಲಿಂದ ಬಂತು? ಎರಡರ ವರ್ಗಮೂಲದಿಂದ. ಅದನ್ನು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಈಗ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುವರು, ಕನ್ನಡದಲ್ಲಿಯೇ.